ನನ್ನ ಹೊಟ್ಟೆಯ ಅಳತೆಗೆ ಬೆಂದ ಅನ್ನ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಅಂಕೋಲೆಯ ಹೈಸ್ಕೂಲಿನಲ್ಲಿ ವರ್ಷ ವರ್ಷವೂ ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಹೇಳುವಾಗ ಹಿಂದಿನ ಬೆಂಚಿನಿಂದ ಕಿಸಕ್ಕೆಂದು ನಗು ಬರುತ್ತಿತ್ತು. ಬಾರದೆ ಏನು ಮಾಡೀತು? ಕುರ್ಚಿಯ ಎರಡು ಕೈಗಳ ನಡುವೆ ಹಿಡಿಸದ ಕನ್ನಡ ಅಕ್ಕೋರು ಹಿತಮಿತದ ಊಟದ ಬಗ್ಗೆ ಪಾಠ ಮಾಡಿದರೆ ಯಾರಿಗಾದರೂ ನಗು ಬರುತ್ತದೆ. ನಾನೂ ನಗುತ್ತಿದ್ದೆ. ದಪ್ಪಗಿರುವವರು ಮೊದಲು ತಾವೇ ನಕ್ಕುಬಿಟ್ಟರೆ ಉಳಿದವರ ನಗು ಅಷ್ಟಾಗಿ ಚುಚ್ಚುವುದಿಲ್ಲ.

ನಲವತ್ತು ಹತ್ತಿರವಾಗುವ ಹೊತ್ತಿಗೆ ನಗುವಂಥದ್ದು ಏನೂ ಉಳಿಯಲಿಲ್ಲ. ಸಕ್ಕರೆ ಕಾಯಿಲೆ ಬಂತು. ಮಂಡಿ ಹೋಯಿತು. ಮಲಗಿದರೆ ನಿದ್ದೆಯಲ್ಲೇ ಉಸಿರು ನಿಂತು, ಗಾಬರಿಯಾಗಿ ಎದ್ದು ಕೂರುತ್ತಿದ್ದೆ. ಕಾರವಾರದ ನಮ್ಮ ಡಾಕ್ಟರು ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಪಥ್ಯದಿಂದ ಇದು ಇಳಿಯುದಿಲ್ಲ. ಮುಂಬೈಯಲ್ಲಿ ಹೊಟ್ಟೆ ಸಣ್ಣ ಮಾಡುವ ಆಪರೇಶನ್ ಮಾಡ್ತಾರೆ. ಧೈರ್ಯ ಇದ್ರೆ ಹೋಗಿ” ಎಂದರು. ಧೈರ್ಯ ಇರಲಿಲ್ಲ. ಆದರೆ ರಾತ್ರಿ ಉಸಿರು ನಿಲ್ಲುವ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಕಾರವಾರದ ಮನೆಯಲ್ಲಿ ಇದ್ದದ್ದು ಇಬ್ಬರೇ, ನಾನು ಮತ್ತು ಆಯಿ, ನನ್ನ ತಾಯಿ. ನನಗೆ ಮದುವೆಯಾಗಲಿಲ್ಲ, ನೋಡಲು ಬಂದವರು ಅವಲಕ್ಕಿ ತಿಂದು ಹೋದರು. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ತಮ್ಮ ದತ್ತಾ ಗೋವೆಯಲ್ಲಿ ಸಂಸಾರ ಮಾಡಿಕೊಂಡಿದ್ದಾನೆ. ಆಯಿ ಬೈತಖೋಲದ ಬಂದರಿನಿಂದ ಬುಟ್ಟಿಯಲ್ಲಿ ಮೀನು ಹೊತ್ತು ಮಾರಿ ನಮ್ಮಿಬ್ಬರನ್ನೂ ಓದಿಸಿದವಳು. ವಯಸ್ಸಾಗಿ ಬುಟ್ಟಿ ಇಳಿಸಿದ ಮೇಲೂ ಮೀನುಪೇಟೆಗೆ ಹೋಗಿ ಹಳೆಯ ಗೆಳತಿಯರ ಪಕ್ಕ ಕೂತು ಬಾರದಿದ್ದರೆ ಅವಳಿಗೆ ದಿನ ಹೋಗುವುದಿಲ್ಲ. ನಮ್ಮ ಮನೆಮಾತು ಕೊಂಕಣಿ. ಆಯಿ ಅದಕ್ಕೆ ಕನ್ನಡ ಕಲಸಿಯೇ ಆಡುವುದರಿಂದ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಆಪರೇಶನ್ ವಿಷಯ ಹೇಳಿದಾಗ ಅವಳು ಬಂಗಡೆ ಹೆಚ್ಚುತ್ತಿದ್ದಳು. ಕತ್ತಿಯನ್ನು ಕೆಳಗಿಟ್ಟಳು.

“ಹೊಟ್ಟೆ ಕೊಯ್ಸ್ಕೊಳ್ಳುದಾ? ಎಂತಕೆ?”

“ಸಣ್ಣ ಮಾಡ್ತಾರೆ ಆಯಿ. ಆಮೇಲೆ ಸ್ವಲ್ಪ ಉಂಡ್ರೆ ಸಾಕಾಗ್ತದೆ.”

“ನಾನು ಬಿಸಿಲಲ್ಲಿ ಮೀನು ಹೊತ್ತು ತುಂಬ್ಸಿದ ಹೊಟ್ಟೆ ಅದು. ಅದನ್ನ ಕೊಯ್ದು ಸಣ್ಣ ಮಾಡುಕೆ ಅವ್ರು ಯಾರು?”

ಮೀನು ಹೆಚ್ಚುವುದು ಮುಗಿದ ಮೇಲೆ ಅವಳೇ, “ಉಸಿರು ನಿಲ್ಲುದು ನಿಲ್ತದಾ ಅದ್ರಿಂದ?” ಎಂದು ಕೇಳಿದಳು. ನಿಲ್ಲುತ್ತದೆ ಎಂದೆ. “ಹಾಂಗಾದ್ರೆ ಹೋಗು” ಎಂದಳು.

ಮುಂಬೈಯ ಆ ಆಸ್ಪತ್ರೆಯ ಬಗ್ಗೆ ನೆನಪಿರುವುದು ಅಲ್ಲಿನ ಕುರ್ಚಿಗಳು. ಕಾಯುವ ಕೋಣೆಯಲ್ಲಿ ಕೈಗಳಿಲ್ಲದ ಅಗಲ ಕುರ್ಚಿಗಳನ್ನು ಹಾಕಿದ್ದರು. ಜೀವಮಾನದಲ್ಲಿ ಮೊದಲ ಸಲ ಒಂದು ಸಾರ್ವಜನಿಕ ಜಾಗದಲ್ಲಿ ಯಾರ ಮುಖವನ್ನೂ ನೋಡದೆ ಧಪ್ಪೆಂದು ಕೂತೆ. ಸುತ್ತ ನನ್ನಂಥವರೇ. ಯಾರೂ ಯಾರನ್ನೂ ಕದ್ದು ನೋಡುತ್ತಿರಲಿಲ್ಲ. ಒಳಗಿನಿಂದ ನನ್ನ ಹೆಸರು ಕರೆದಾಗ ಪಕ್ಕದಲ್ಲಿದ್ದ ಗುಜರಾತಿ ಹೆಂಗಸು ಸುಮ್ಮನೆ ನನ್ನ ಕೈ ಒತ್ತಿ ಬಿಟ್ಟಳು. ಅವಳ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಊಟದ ಪಾಠ ಹೇಳಿಕೊಟ್ಟವಳು ಆಸ್ಪತ್ರೆಯ ಒಬ್ಬ ಚುರುಕು ಹುಡುಗಿ. ಇನ್ನು ಮೇಲೆ ತಿನ್ನುವುದು ಬೇರೆ, ಕುಡಿಯುವುದು ಬೇರೆ ಎಂದಳು. ಊಟದ ಜೊತೆ ನೀರು ಕುಡಿಯಬಾರದು. ಅರ್ಧ ಗಂಟೆ ಮೊದಲು ನಿಲ್ಲಿಸಬೇಕು, ಆಮೇಲೂ ಅರ್ಧ ಗಂಟೆ ಕಾಯಬೇಕು. ಪ್ರತಿ ತುತ್ತನ್ನೂ ಹಿಟ್ಟಾಗುವವರೆಗೆ ಅಗಿಯಬೇಕು. ನೀರನ್ನು ಗಟಗಟ ಕುಡಿಯುವ ಹಾಗಿಲ್ಲ, ಗುಟುಕು ಗುಟುಕಾಗಿ ದಿನವಿಡೀ. ನಾನು ತಲೆಯಾಡಿಸಿ, “ಗಂಜಿ?” ಎಂದು ಕೇಳಿದೆ. ಅದೇನು ಎಂದಳು. ಅನ್ನ ಮತ್ತು ತಿಳಿ ಒಟ್ಟಿಗೇ, ಜೊತೆಗೆ ಸುಟ್ಟ ಒಣಮೀನು ಎಂದೆ. ಅವಳು ನಕ್ಕು, “ಅದೇ ಬೇಡ ಅಂತ ಇಷ್ಟು ಹೊತ್ತು ಹೇಳಿದ್ದು” ಎಂದಳು. ನಮ್ಮ ಕರಾವಳಿಯ ಬದುಕೇ ಅನ್ನ-ನೀರು ಒಟ್ಟಿಗೆ. ಶಾಲೆಗೆ ರಜೆಯಿದ್ದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಆಯಿ ಮತ್ತು ನಾನು ಎದುರು ಬದುರು ಕೂತು ಗಂಜಿ ಸುರಿಯುವುದೇ ನಮ್ಮ ಹಬ್ಬವಾಗಿತ್ತು.

ಬೇಸಿಗೆ ರಜೆಯಲ್ಲಿ ಆಪರೇಶನ್ ಆಯಿತು. ನೋವಿನ ಕಥೆ ಬೇಡ. ಅದನ್ನು ಮರೆಯಬಹುದು, ಮರೆತಿದ್ದೇನೆ. ಮರೆಯಲಾಗದ್ದು ಮನೆಗೆ ಬಂದ ಮೇಲಿನದು. ಮೊದಲ ವಾರಗಳಲ್ಲಿ ಬರೀ ನೀರಾದ ಪದಾರ್ಥ. ಲೋಟ ಹಿಡಿದರೆ ಅಭ್ಯಾಸಬಲದಿಂದ ದೊಡ್ಡ ಗುಟುಕೇ ಎಳೆದುಬಿಡುತ್ತಿದ್ದೆ, ಎದೆಯಲ್ಲಿ ಕಲ್ಲು ಸಿಕ್ಕಿಕೊಂಡ ಹಾಗಾಗುತ್ತಿತ್ತು. ಆಯಿ ಅಟ್ಟದ ಪೆಟ್ಟಿಗೆಯಿಂದ ಒಳಲೆ ಹುಡುಕಿ ತಂದಳು, ಹಸುಗೂಸಿಗೆ ಹಾಲು ಕುಡಿಸುವ ಪುಟ್ಟ ಹಿತ್ತಾಳೆಯ ಒಳಲೆ.

“ಇದ್ರಲ್ಲೇ ನಿಂಗೆ ಕುಡ್ಸಿದ್ದು. ಆಗ ಒಂದಕ್ಕೆ ಎರಡು ಬೇಕು ಅಂತ ಅಳ್ತಿದ್ದೆ” ಎಂದಳು.

ಇಬ್ಬರೂ ನಕ್ಕೆವು. ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ನಗಬೇಕಾಯಿತು. ಆ ವರ್ಷ ನಾವಿಬ್ಬರೂ ಒಟ್ಟಿಗೆ ಮನಸಾರೆ ನಕ್ಕದ್ದು ಬಹುಶಃ ಅದೇ ಕೊನೆ.

ಜೂನಿನಲ್ಲಿ ಶಾಲೆ ತೆರೆಯಿತು. ಕಾರವಾರದಿಂದ ಅಂಕೋಲೆಗೆ ಬಸ್ಸು. ಅರ್ಗಾದಲ್ಲಿ ನೌಕಾನೆಲೆಯ ಕೆಲಸದವರು ಇಳಿದ ಮೇಲೆ ಸೀಟು ಸಿಗುತ್ತದೆ, ಬ್ಯಾಗಿನಿಂದ ಬಾಟಲಿ ತೆಗೆದು ಒಂದು ಗುಟುಕು. ಆಮೇಲೆ ಇನ್ನೊಂದು. ಬಾಯಾರಿಕೆ ಎಂಬುದನ್ನೇ ಮೈ ಮರೆತುಬಿಟ್ಟಿತ್ತು; ಗಡಿಯಾರ ನೋಡಿ ಕುಡಿಯಬೇಕಿತ್ತು. ಸ್ಟಾಫ್ ರೂಮಿನಲ್ಲಿ ನನ್ನ ಊಟದ ಜೊತೆಗಾರ್ತಿ ಗಣಿತದ ಸುನಂದಾ. ಹದಿಮೂರು ವರ್ಷ ನಾವಿಬ್ಬರೂ ಡಬ್ಬಿ ಬಿಚ್ಚಿ ಅರ್ಧ ಅರ್ಧ ಹಂಚಿಕೊಂಡು ಉಂಡವರು. ಅವಳು ಮನೆಯ ಮರದ ಕರಿ ಈಶಾಡು ಮಾವು ತಂದಿದ್ದಳು, ಸೀಸನ್ನಿನ ಕೊನೆಯ ಹಣ್ಣು. ಅಂಕೋಲೆಯವರಿಗೆ ಈಶಾಡು ಬೇಡವೆನ್ನುವುದೂ ಅವರ ತಾಯಿಯನ್ನು ಬೈಯುವುದೂ ಒಂದೇ.

“ಒಂದೇ ಹೋಳು ಮಾರಾಯ್ತಿ. ಹಣ್ಣು ತಿಂದ್ರೆ ಎಂತಾ ಆಗ್ತದೆ?”

ನನಗೂ ಆಸೆ. ಒಂದು ಹೋಳು ತಿಂದೆ, ಚೆನ್ನಾಗಿಯೇ ಹೋಯಿತು, ಇನ್ನೊಂದನ್ನೂ ತಿಂದೆ. ಸ್ವಲ್ಪ ಹೊತ್ತಿಗೆ ಎದೆ ನಗಾರಿಯ ಹಾಗೆ ಹೊಡೆದುಕೊಳ್ಳತೊಡಗಿತು. ಬೆವರು ಧಾರಾಕಾರ, ಕಣ್ಣು ಕತ್ತಲೆ. ಸಿಹಿ ಒಮ್ಮೆಲೇ ಒಳಗಿಳಿದರೆ ಹೀಗಾಗುತ್ತದೆ ಎಂದು ಮುಂಬೈಯ ಆ ಹುಡುಗಿ ಹೇಳಿದ್ದಳು; ಹೇಳಿದ್ದು ಕೇಕಿನ ಬಗ್ಗೆ, ಮಾವಿನ ಬಗ್ಗೆ ಅಲ್ಲವಲ್ಲ ಎಂದುಕೊಂಡಿದ್ದೆ. ಬೆಂಚಿನ ಮೇಲೆ ಮಲಗಿಸಿ ಗಾಳಿ ಹಾಕಿದರು. ಸುನಂದಾ ಅತ್ತೇಬಿಟ್ಟಳು.

ಆವತ್ತಿನಿಂದ ಯಾರೂ ನನಗೆ ಏನನ್ನೂ ಕೊಡಲಿಲ್ಲ. ಪ್ರೀತಿಯಿಂದಲೇ ಕೊಡಲಿಲ್ಲ. ಹುಟ್ಟುಹಬ್ಬದ ಪೇಡೆ ಹಂಚುತ್ತ ಬಂದವರು ನನ್ನ ಮೇಜು ಬಂದಾಗ ಕೈ ಹಿಂದೆಳೆದು, “ಅಕ್ಕೋರಿಗೆ ಬೇಡ, ಪಾಪ” ಎಂದು ಮುಂದೆ ಹೋಗುತ್ತಿದ್ದರು. ಸುನಂದಾ ಡಬ್ಬಿ ಹಿಡಿದುಕೊಂಡು ಕಿಟಕಿಯ ಕಡೆ ಹೋಗಿ, ನನಗೆ ಬೆನ್ನು ಮಾಡಿ ಬೇಗಬೇಗ ಉಂಡು ಬರುತ್ತಿದ್ದಳು. ಮದುವೆ-ಮುಂಜಿಗೆ ಕರೆಯುವವರೂ, “ನೀವು ಎಂತಾ ಉಣ್ತ್ರಿ, ಸುಮ್ನೆ ತ್ರಾಸು” ಎಂದು ಬಾಯಿಮಾತಿಗೆ ಹೇಳಿ ಬಿಟ್ಟರು. ಹಸಿವು ತಡೆಯಬಹುದು. ಉಣ್ಣುವವರ ಸಾಲಿನಿಂದ ನಮ್ಮನ್ನು ಎಬ್ಬಿಸಿಬಿಟ್ಟರೆ ಎಷ್ಟು ಒಂಟಿಯಾಗುತ್ತೇವೆ ಎನ್ನುವುದನ್ನು ಮಾತ್ರ ಮುಂಬೈಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೂ ಮನೆಯಲ್ಲಿ ಆಯಿ ಇದ್ದಳು. ನಾನು ಬಟ್ಟಲಿನಲ್ಲಿ ಬೇಳೆ ಮಸೆದುಕೊಂಡು ಚಮಚ ಚಮಚ ತಿನ್ನುವಾಗ ಅವಳು ಎದುರಿಗೆ ಕೂತು ಉಣ್ಣುತ್ತಿದ್ದಳು, ಮುಳ್ಳು ಬಿಡಿಸುತ್ತ ಪೇಟೆಯ ಸುದ್ದಿ ಹೇಳುತ್ತಿದ್ದಳು. ಯಾರ ಬೋಟಿಗೆ ಎಷ್ಟು ಮೀನು ಬಿತ್ತು, ಯಾವ ಗಿರಾಕಿ ಕಿವಿರು ಎತ್ತಿ ನೋಡಿ ಜಗಳ ತೆಗೆದ, ಎಲ್ಲವೂ. ಅವಳ ಊಟ ಮುಗಿದರೂ ನನ್ನದು ಮುಗಿಯದು. “ಬೇಗ ಉಣ್ಣೇ, ಕೈ ಒಣಗ್ತದೆ” ಎಂದು ಗದರಿ ಎದ್ದು ಹೋಗುತ್ತಿದ್ದಳು. ಎಂಜಲ ಕೈ ಒಣಗಿಸಿಕೊಂಡು ಕೂತರೆ ಮನೆಗೆ ದರಿದ್ರ ಎಂದು ಅವಳ ನಂಬಿಕೆ. ಚಿಕ್ಕಂದಿನಲ್ಲಿ ನಾನು ಮತ್ತು ದತ್ತಾ ತಟ್ಟೆಯ ಮುಂದೆ ಹರಟುತ್ತ ಕೂತರೆ ಬೆನ್ನಿಗೆ ಬೀಳುತ್ತಿದ್ದುದು ಇದೇ ಕಾರಣಕ್ಕೆ.

ಮಳೆ ಕಡಿಮೆಯಾಗಿ ಬೋಟುಗಳು ಮತ್ತೆ ಸಮುದ್ರಕ್ಕೆ ಇಳಿದವು. ಹೊಸ ಬಂಗಡೆ ಬಂತು. ಆಯಿ ನನಗೆಂದೇ ಖಾರ ಕಡಿಮೆ ಮಾಡಿ ಸಾರು ಮಾಡಿ, ಮುಳ್ಳು ತೆಗೆದು, ಮೀನನ್ನು ಬೆರಳಲ್ಲಿ ಪುಡಿ ಮಾಡಿ ಬಟ್ಟಲಿಗೆ ಹಾಕಿದಳು. ನಾಲ್ಕು ತಿಂಗಳ ಮೇಲೆ ಬಾಯಿಗೆ ಬಂಗಡೆ! ಅಗಿಯುವುದು ಮರೆತುಹೋಯಿತು. ಎರಡನೇ ತುತ್ತು ಎದೆಗೂಡಿನಲ್ಲಿ ಸಿಕ್ಕಿಕೊಂಡಿತು. ಕೆಳಗೆ ಇಳಿಯದು, ಮೇಲೆ ಬಾರದು. ಬಾಯಿ ತುಂಬ ನೊರೆ. ಬಚ್ಚಲಲ್ಲಿ ಮಂಡಿಯೂರಿ ಕೂತು ಎಲ್ಲವನ್ನೂ ಹೊರಹಾಕುವಷ್ಟರಲ್ಲಿ ಜೀವ ಅರ್ಧವಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಆಯಿ. ಮುಖ ಬಿಳುಚಿಕೊಂಡಿತ್ತು. ಒಂದು ಚೊಂಬು ನೀರು ಇಟ್ಟು ಹೋದಳು.

ಮರುದಿನದಿಂದ ಅವಳು ನನ್ನೆದುರು ಊಟಕ್ಕೆ ಕೂರುವುದನ್ನು ಬಿಟ್ಟಳು. ನನ್ನ ಬಟ್ಟಲು ಇಟ್ಟು ಹಿಂದಿನ ಜಗಲಿಗೆ ಹೋಗುತ್ತಿದ್ದಳು. ಕರೆದರೆ, “ನೀನು ಉಣ್ಣು. ನಂದು ಆಮೇಲೆ.” ನಾನು ಎದ್ದ ಮೇಲೆ ಒಳಗೆ ಬಂದು ಪಾತ್ರೆಯ ಸದ್ದು ಮಾಡುವಳು. ಕೋಪ ಬಂದಿದೆ ಎಂದುಕೊಂಡೆ. ಅವಳು ತುಂಬಿಸಿದ ಹೊಟ್ಟೆಯನ್ನು ಕೊಯ್ಸಿಕೊಂಡು ಬಂದೆ, ಈಗ ಅವಳ ಕೈಯ ಮೀನನ್ನು ಬಚ್ಚಲಿಗೆ ಹಾಕಿದೆ. ಕೋಪ ಬಾರದೆ ಇರುತ್ತದೆಯೇ? ಕೇಳಲು ನನಗೆ ಧೈರ್ಯವಾಗಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು ಮೆಲ್ಲಗೆ ಅಗಿಯುತ್ತಿದ್ದೆ. ಪೇಟೆಯ ಸುದ್ದಿಯೂ ನಿಂತುಹೋಯಿತು. ಅಷ್ಟು ಸಣ್ಣ ಬಟ್ಟಲು ಖಾಲಿಯಾಗಲು ಅಷ್ಟು ಹೊತ್ತು ಹಿಡಿಯುತ್ತಿತ್ತು. ಶಾಲೆಯಲ್ಲಿ ಬೆನ್ನು, ಮನೆಯಲ್ಲಿ ಗೋಡೆ.

ಇತ್ತ ತೂಕ ಇಳಿಯುತ್ತಲೇ ಇತ್ತು. ರವಿಕೆಗಳಿಗೆ ಹೊಲಿಗೆಯ ಮೇಲೆ ಹೊಲಿಗೆ. ಮಾತ್ರೆಗಳಲ್ಲಿ ಒಂದೊಂದೇ ಕಡಿಮೆಯಾಯಿತು. ರಾತ್ರಿ ಉಸಿರು ನಿಲ್ಲದೆ ಬೆಳಗಿನವರೆಗೆ ನಿದ್ದೆ ಬರತೊಡಗಿತು. ಆ ನಿದ್ದೆಯ ಸುಖಕ್ಕೆ ಏನನ್ನು ಬೇಕಾದರೂ ಕೊಡಬಹುದು. ಕೂದಲು ಮಾತ್ರ ಬಾಚಣಿಗೆ ತುಂಬ ಬರುತ್ತಿತ್ತು. ಎದುರು ಸಿಕ್ಕವರು ಚೆಂದ ಆದ್ರಿ ಅಕ್ಕೋರೆ ಎನ್ನುವರು, ಬೆನ್ನ ಹಿಂದೆ ಎಂಥ ರೋಗವೋ ಎನ್ನುವರು. ಕನ್ನಡಿಯಲ್ಲಿ ಜೋತುಬಿದ್ದ ಕೆನ್ನೆಯ ಯಾರೋ ಹೆಂಗಸು ನನ್ನನ್ನು ನೋಡುತ್ತಿದ್ದಳು. ಅವಳ ಜೊತೆ ನನಗೆ ಇನ್ನೂ ಪರಿಚಯವಾಗಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಒಂಬತ್ತನೇ ತರಗತಿಯಲ್ಲಿದ್ದಾಗ ಫೋನು ಬಂತು. ಆಯಿಯ ಮೀನುಪೇಟೆಯ ಗೆಳತಿ ಗಿರಿಜಕ್ಕ. “ನಿನ್ನ ಆಯಿ ಕೂತಲ್ಲೇ ಬಿದ್ದೋದ್ಳು. ರಿಕ್ಷಾದಲ್ಲಿ ಡಾಕ್ಟರ ಹತ್ರ ತಂದಿದ್ದೆ. ಬಾ.” ಬಸ್ಸಿನಲ್ಲಿ ಇಡೀ ದಾರಿ ಬಾಟಲಿ ಕೈಯಲ್ಲಿ ಹಿಡಿದಿದ್ದೆ, ಒಂದು ಗುಟುಕೂ ಕುಡಿದಿರಲಿಲ್ಲ.

ನಮ್ಮ ಅದೇ ಡಾಕ್ಟರ ಕಾಯುವ ಕೋಣೆ. ಮರದ ಬೆಂಚು, ಹಳೆಯ ಕ್ಯಾಲೆಂಡರು. ನಾನು ಒಳಗೆ ಕಾಲಿಟ್ಟಾಗ ಹೊಸ ನರ್ಸು ಮೇಲಿಂದ ಕೆಳಗೆ ನೋಡಿ, “ಪೇಶಂಟು ನೀವಾ?” ಎಂದಳು. ಅಲ್ಲ, ನನ್ನ ಆಯಿ ಎಂದೆ. ಪರದೆಯ ಹಿಂದೆ ಆಯಿ ಮಲಗಿದ್ದಳು. ಕೈಗೆ ಗ್ಲೂಕೋಸು ಹಾಕಿದ್ದರು. ಆ ಕೈಯನ್ನು ನಾನು ನೋಡಿ ಎಷ್ಟು ದಿನವಾಗಿತ್ತು? ಬಳೆ ಮೊಣಕೈಯವರೆಗೆ ಜಾರಿತ್ತು. ಬುಟ್ಟಿ ಹೊತ್ತು ಗಟ್ಟಿಯಾಗಿದ್ದ ಕುತ್ತಿಗೆಯಲ್ಲಿ ಗುಳಿ ಬಿದ್ದಿತ್ತು. ಒಂದೇ ಮನೆಯಲ್ಲಿ ಇಬ್ಬರು ಕರಗುತ್ತಿದ್ದೆವು, ನಾನು ನನ್ನೊಬ್ಬಳ ತೂಕವನ್ನೇ ನೋಡಿಕೊಂಡಿದ್ದೆ.

“ರಕ್ತ ಇಲ್ಲ, ಶಕ್ತಿ ಇಲ್ಲ” ಎಂದರು ಡಾಕ್ಟರು. “ರೋಗ ಎಂತದೂ ಕಾಣುದಿಲ್ಲ. ಉಣ್ತಾರಾ ಸರಿಯಾಗಿ?”

“ಉಣ್ತೆ” ಎಂದಳು ಆಯಿ, ಕಣ್ಣು ಮುಚ್ಚಿಕೊಂಡೇ.

“ಎಷ್ಟು ಉಣ್ತ್ರಿ?”

“ಪಾತ್ರೇಲಿ ಉಳ್ದದ್ದು.”

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮ ಕಡೆಯ ಮನೆಗಳಲ್ಲಿ ಅಡುಗೆ ಮಾಡುವವಳು ತನಗೆಂದು ಅಕ್ಕಿ ಅಳೆಯುವುದಿಲ್ಲ. ಉಣ್ಣುವವರ ಹೊಟ್ಟೆ ನೋಡಿ ಅಳೆಯುತ್ತಾಳೆ, ಅವರಿಗೆ ಬಡಿಸಿದ ಮೇಲೆ ತಳದಲ್ಲಿ ಉಳಿದದ್ದು ಅವಳದು. ಅಪ್ಪನಿದ್ದಾಗ ಹಾಗೇ, ದತ್ತಾ ಇದ್ದಾಗಲೂ ಹಾಗೇ. ನಾನೊಬ್ಬಳೇ ಉಳಿದಾಗ ನನ್ನ ದೊಡ್ಡ ಹೊಟ್ಟೆಗೆ ದೊಡ್ಡ ಪಾತ್ರೆಯೇ ಏರುತ್ತಿತ್ತು, ತಳದಲ್ಲಿ ಅವಳಿಗೂ ಬೇಕಾದಷ್ಟು ಇರುತ್ತಿತ್ತು. ಈಗ ಒಂದು ಹಿಡಿ ಅಕ್ಕಿ ಬೇಯುತ್ತಿತ್ತು. ನಾನು ತಿಂದು ಬಿಟ್ಟದ್ದರಲ್ಲಿ ಅವಳು ಇಷ್ಟು ತಿಂಗಳು ಬದುಕಿದ್ದಳು.

“ನಿಂಗೆ ಬೇರೆ ಅನ್ನ ಮಾಡ್ಕೊಳ್ಳುಕೆ ಏನಾಗಿತ್ತು ಆಯಿ?” ಎಂದೆ. ದನಿ ಜೋರಾಯಿತು, ಹೊರಗಿನ ಬೆಂಚಿನವರು ಕತ್ತೆತ್ತಿ ನೋಡಿದರು.

“ಮಗ್ಳು ಮೂರು ತುತ್ತು ಉಂಡು ಏಳುವಾಗ ನಾನು ಪಾತ್ರೆ ತುಂಬ ಬೇಯ್ಸ್ಕೊಂಡು ತಿನ್ನುದಾ? ಜನ ಎಂತಾ ಹೇಳುದಿಲ್ಲ?”

“ಜನ ಎಲ್ಲಿದ್ದಾರೆ ನಮ್ಮ ಅಡುಗೆ ಮನೇಲಿ?”

ಅವಳು ಮೆಲ್ಲಗೆ, “ತಿನ್ನುಕೆ ಆಗದವಳ ಎದುರು ತಿನ್ಬಾರ್ದು. ಕಣ್ಣಿಗೆ ಆಸೆ ಆಗ್ತದೆ. ಅವತ್ತು ಬಂಗಡೆ ನೋಡಿ ನಿಂಗೆ ಆಸೆ ಆಯ್ತು, ಅದ್ಕೇ ಅಷ್ಟು ತ್ರಾಸಾಯ್ತು” ಎಂದಳು.

ಕೋಪವೇ ಇರಲಿಲ್ಲ. ನನಗೆ ಆಸೆಯಾಗದಿರಲಿ ಎಂದು ಹಿಂದಿನ ಜಗಲಿಯಲ್ಲಿ ಕೂತಿದ್ದಳು. ಅಲ್ಲಿ ಅವಳೊಬ್ಬಳು, ಇಲ್ಲಿ ನಾನೊಬ್ಬಳು, ನಡುವೆ ಒಂದು ಗೋಡೆ. ಗ್ಲೂಕೋಸಿನ ಕೈಯನ್ನು ಹಿಡಿದುಕೊಂಡು ಅತ್ತೆ. ಗಿರಿಜಕ್ಕ ಪರದೆ ಸರಿಸಿ ನೋಡಿ ಮತ್ತೆ ಮುಚ್ಚಿದಳು.

ಜಾಸ್ತಿ ಅಡುಗೆ ಮಾಡು ಎಂದರೆ ಆಯಿ ಕೇಳುವವಳಲ್ಲ, “ಉಳ್ದದ್ದು ಚೆಲ್ಲುದಾ?” ಎನ್ನುತ್ತಾಳೆ. ಆದ್ದರಿಂದ ಮನೆಗೆ ಬಂದ ಮೇಲೆ ಒಲೆಯ ಮುಂದೆ ನಾನು ನಿಂತೆ. ಆಪರೇಶನ್ನಿನ ಮೇಲೆ ಒಗ್ಗರಣೆಯ ವಾಸನೆ ಆಗದೆ ಅಡುಗೆ ಮನೆಯನ್ನೇ ಬಿಟ್ಟಿದ್ದೆ. ಮೂಗಿಗೆ ಸೆರಗು ಕಟ್ಟಿಕೊಂಡು ಕುಚ್ಚಿಗೆ ಅಕ್ಕಿ ಬೇಯಿಸಿದೆ, ಅವಳ ಹೊಟ್ಟೆ ನೋಡಿ ಅಳೆದೆ. ಬಂಗಡೆ ಸಾರಿಗೆ ಎಂದಿನ ಖಾರವನ್ನೇ ಅರೆದು ಹಾಕಿದೆ. ಮಣೆ ಹಾಕಿ ಕೂರಿಸಿದೆ. ಆಯಿ ನಾಚಿ ಅಡ್ಡ ತಿರುಗಿ ಕೂತಳು. ಮೊದಲು ಬಡಿಸಿಕೊಳ್ಳುವವಳಾಗಿ ಅವಳು ಯಾವತ್ತೂ ಕೂತವಳಲ್ಲ. ಬಡಿಸುವ ಕೈ ತನ್ನ ತಟ್ಟೆಯ ಮೇಲೆ ಬಂದಾಗ ಎಲ್ಲಿ ನೋಡಬೇಕೆಂದೇ ತಿಳಿಯುತ್ತಿರಲಿಲ್ಲ.

“ನೀನು?”

“ನಂದು ಪಾತ್ರೇಲಿ ಉಳ್ದದ್ದು. ಅಷ್ಟು ಸಾಕು ನಂಗೆ” ಎಂದೆ.

ಅದು ಸುಳ್ಳೂ ಅಲ್ಲ. ತಳದಲ್ಲಿ ಉಳಿಯುವ ಆ ನಾಲ್ಕು ಚಮಚವೇ ಈಗ ನನ್ನ ಹೊಟ್ಟೆಯ ಸರಿಯಾದ ಅಳತೆ. ಬಟ್ಟಲಿಗೆ ಹಾಕಿಕೊಂಡು ಅವಳೆದುರು ಕೂತೆ. “ಮೀನು ನೋಡಿ ನಂಗೆ ಆಸೆ ಆಗುದಿಲ್ಲ ಆಯಿ. ನೀನು ಇಲ್ದೆ ಇದ್ರೆ ಆಗ್ತದೆ ತ್ರಾಸು” ಎಂದೆ. ಅವಳು ಮೊದಲ ತುತ್ತು ಕಲಸಿದಳು.

ಇದನ್ನು ಬರೆಯುವಾಗ ಎಲ್ಲ ಸರಿಹೋಗಿದೆ ಎಂದು ಹೇಳಲಾರೆ. ಸುನಂದಾ ಈಗಲೂ ಬೆನ್ನು ಹಾಕಿಯೇ ಉಣ್ಣುತ್ತಾಳೆ, ನಾನೇ ಬಟ್ಟಲು ಹಿಡಿದು ಕಿಟಕಿಯ ಕಡೆ ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ. ಮದುವೆಯ ಪಂಕ್ತಿಯಲ್ಲಿ ನನ್ನ ಎಲೆ ನೋಡಿ ಜನ ಪಿಸುಗುಟ್ಟುತ್ತಾರೆ. ಗಂಜಿಯ ನೆನಪು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬರುತ್ತದೆ. ಹೊಸದಾಗಿ ಈ ಆಪರೇಶನ್ ಮಾಡಿಸಿಕೊಂಡು ಬಂದವರು ಯಾರಾದರೂ ಓದುತ್ತಿದ್ದರೆ ಹೇಳುವುದು ಇಷ್ಟೇ: ನಿಮ್ಮ ಬಟ್ಟಲು ಸಣ್ಣದಾದಾಗ ಮನೆಯ ಯಾವ ಪಾತ್ರೆ ಸಣ್ಣದಾಯಿತು ಎಂದು ಒಮ್ಮೆ ಮುಚ್ಚಳ ತೆಗೆದು ನೋಡಿ.

ನಾನು ಬಡಿಸಿದ ಆ ಮೊದಲ ದಿನ ಆಯಿ ಹೊಟ್ಟೆ ತುಂಬ ಉಂಡಳು. ಪೇಟೆಯಲ್ಲಿ ಅವಳು ಬಿದ್ದಾಗ ಗಿರಿಜಕ್ಕ ಮೀನು ತೊಳೆದ ನೀರನ್ನೇ ಮುಖಕ್ಕೆ ಚಿಮುಕಿಸಿದ ಕಥೆ ಹೇಳಿದಳು. ಅವಳ ತಟ್ಟೆ ಖಾಲಿಯಾಯಿತು. ನನ್ನ ಬಟ್ಟಲಿನಲ್ಲಿ ಇನ್ನೂ ಅರ್ಧ ಇತ್ತು, ಮೆಲ್ಲಗೆ ಅಗಿಯುತ್ತಿದ್ದೆ. ಅವಳ ಬೆರಳುಗಳ ಮೇಲೆ ಸಾರು ಗಟ್ಟಿಯಾಗಿ ಬಣ್ಣ ತಿರುಗುತ್ತಿತ್ತು.

“ಏಳು ಆಯಿ, ಕೈ ತೊಳ್ಕೋ” ಎಂದೆ. “ಒಣಗ್ತಾ ಉಂಟು.”

“ಒಣಗ್ಲಿ” ಎಂದಳು. “ನಿಂದು ಆಗ್ಲಿ.”